ಹೊಳೆಯಾಚೆಯ ಪಂಚಮಿ

ನನ್ನ ಹೆಂಡತಿಯ ತವರು ಹೊನವಾಡ. ನಾಗರ ಪಂಚಮಿ ಬಂತೆಂದರೆ ಅವಳಣ್ಣ ಬೆಳಗಿನ ಬಸ್ಸು ಹತ್ತುತ್ತಾನೆ, ಟಿಕೋಟಾದಲ್ಲಿ ಇಳಿದು ಒಂದು ಚಹಾ ಕುಡಿಯುತ್ತಾನೆ, ಮತ್ತೊಂದು ಬಸ್ಸು ಹಿಡಿದು ಬಿಸಿಲೇರುವುದರೊಳಗೆ ವಿಜಯಪುರದ ನಮ್ಮ ಮನೆಯ ಬಾಗಿಲಲ್ಲಿ ನಿಂತಿರುತ್ತಾನೆ. ಕೈಯಲ್ಲಿ ಒಣದ್ರಾಕ್ಷಿಯ ಚೀಲ. ಅಂಗಿಯ ಇಸ್ತ್ರಿ ಸಹ ಕೆಟ್ಟಿರುವುದಿಲ್ಲ. "ಕರಿಯಾಕ ಬಂದೇನ್ರಿ" ಎನ್ನುತ್ತಾನೆ, ಉಣ್ಣುತ್ತಾನೆ, ತಂಗಿಯನ್ನು ಕರೆದುಕೊಂಡು ಹೋಗುತ್ತಾನೆ. ಪುಣ್ಯವಂತ! ಅವನನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆಕಿಚ್ಚು. ಯಾಕೆಂದರೆ ನನ್ನ ಅಕ್ಕ ಇರುವುದು ಕೃಷ್ಣಾ ಹೊಳೆಯ ನಡುವಿನ ಒಂದು ನಡುಗಡ್ಡೆಯಲ್ಲಿ.

ನಮ್ಮ ಕಡೆ ಗಂಡನ ಮನೆಯಲ್ಲಿರುವ ಹೆಣ್ಣುಮಗಳು ಪಂಚಮಿಗೆ ತಾನಾಗಿಯೇ ಎದ್ದು ಬರುವಂತಿಲ್ಲ. ಅಣ್ಣನೋ ತಮ್ಮನೋ ಹೋಗಿ ಹೊಸ್ತಿಲಲ್ಲಿ ನಿಂತು ಕರೆಯಬೇಕು. ಫೋನಿನಲ್ಲಿ ಕರೆದರೆ ಅದು ಕರೆದ ಲೆಕ್ಕಕ್ಕೇ ಬರುವುದಿಲ್ಲ. ಹಬ್ಬವಾದರೂ ಎಂಥ ಹೊತ್ತಿಗೆ ಬರುತ್ತದೆ ನೋಡಿ: ಶ್ರಾವಣದಲ್ಲಿ, ಮಹಾರಾಷ್ಟ್ರದ ಕಡೆ ಮಳೆ ಸುರಿದು ಹೊಳೆ ಕೆಂಪಗೆ ತುಂಬಿ ಹರಿಯುವಾಗ. ಈ ಪದ್ಧತಿ ಮಾಡಿದ ಪುಣ್ಯಾತ್ಮನಿಗೆ ಹೊಳೆಯಾಚೆ ಅಕ್ಕ ಇರಲಿಲ್ಲ ಎಂಬುದು ಖಾತ್ರಿ.

ನಾನೋ ಬರಗೆಟ್ಟ ಒಣ ನೆಲದವನು. ಮನೆ ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಪಕ್ಕಕ್ಕೆ. ಅಂಗಡಿ ಗೋಳಗುಮ್ಮಟದ ಎದುರಿಗೆ. ನೋಡಲು ಬಂದವರಿಗೆ ಟೊಪ್ಪಿಗೆ, ತಂಪು ಕನ್ನಡಕ ಮಾರುತ್ತೇನೆ. ನಾನು ದಿನಾ ಕಾಣುವ ನೀರೆಂದರೆ ನಳದ ನೀರು, ಅದೂ ಬಂದರೆ ಬಂತು. ಈಜು ಕಲಿಯುವ ಪ್ರಸಂಗವೇ ಹುಟ್ಟಲಿಲ್ಲ. ಅಂಥವನಿಗೆ ವರ್ಷಕ್ಕೊಮ್ಮೆ ತುಂಬಿದ ಹೊಳೆಯಲ್ಲಿ ದೋಣಿ ಪ್ರಯಾಣ.

ಅಕ್ಕನನ್ನು ಕೊಟ್ಟಾಗ ಅದು ನಡುಗಡ್ಡೆ ಆಗಿರಲಿಲ್ಲ. ಬಬಲೇಶ್ವರ ದಾಟಿ ಇಳಿಜಾರಿನಲ್ಲಿ ಹೋದರೆ ಹೊಳೆದಂಡೆಯ ಒಂದು ದಿಬ್ಬ, ದಿಬ್ಬದ ಮೇಲೆ ಒಂದಿಷ್ಟು ಮನೆಗಳು, ಸುತ್ತ ಕಬ್ಬು. ಬೀಗರ ಮನೆಗೆ ಎತ್ತಿನ ಗಾಡಿಯಲ್ಲಿ ಹೋಗಿ ಬಂದಿದ್ದೆವು. ಆಮೇಲೆ ಅಣೆಕಟ್ಟಿನ ಹಿನ್ನೀರು ವರ್ಷದಿಂದ ವರ್ಷಕ್ಕೆ ಏರುತ್ತ ಗಾಡಿಯ ದಾರಿಯನ್ನೇ ನುಂಗಿತು. "ನಾ ಮಗಳನ್ನ ನೆಲಕ್ಕ ಕೊಟ್ಟಿದ್ದೆ, ನೀರಿಗೆ ಕೊಟ್ಟಿದ್ದಿಲ್ಲ" ಎಂದು ಅಪ್ಪ ಇರುವ ತನಕ ಗೊಣಗುತ್ತಿದ್ದ. ಕೆಲವರು ಪರಿಹಾರ ತೆಗೆದುಕೊಂಡು ದಂಡೆಗೆ ಬಂದರು. ಅಕ್ಕನ ಮನೆಯವರು ಬರಲಿಲ್ಲ. ಎಮ್ಮೆಗಳಿವೆ, ಗಾಣವಿದೆ, ಕಬ್ಬಿದೆ, ಬಿಟ್ಟು ಎಲ್ಲಿಗೆ ಹೋಗೋಣ ಎನ್ನುವುದು ಅವರ ಮಾತು.

ದಾಟಿಸಲು ಒಂದು ಕಬ್ಬಿಣದ ಬೋಟು ಇದೆ. ಡೀಸೆಲ್ ಇಂಜಿನ್ನು, ಊರೆಲ್ಲ ಕೇಳುವಂತೆ ಬಡಬಡಿಸುತ್ತದೆ. ಹಾಲಿನ ಕ್ಯಾನು, ಮೋಟರ್ ಸೈಕಲ್ಲು, ಸಾಲಿ ಹುಡುಗರು, ಆಡು, ಗೊಬ್ಬರದ ಚೀಲ, ಎಲ್ಲವೂ ಒಂದರಲ್ಲೇ. ನಡೆಸುವ ಕಾಕಾ ನನ್ನನ್ನು ಕಂಡರೆ ಸಾಕು, ಬಾಯಿ ತೆರೆಯುತ್ತಿದ್ದ.

"ಗುಮ್ಮಟದ ಸಾವಕಾರ್ರು ಬಂದ್ರಲೇ! ನಟ್ಟನಡುವ ಕುಂದರಸ್ರಿ. ದಂಡಿಗೆ ಕುಂತ್ರ ಹೊಳಿ ಹೆದರತೈತಿ."

ನಗಲಿ ಬಿಡಿ. ಒಂದು ವರ್ಷ ನಾನು ಪಕ್ಕದ ಆಡಿನ ಕೋಡು ಗಟ್ಟಿಯಾಗಿ ಹಿಡಿದುಕೊಂಡೇ ಆಚೆ ದಡ ಮುಟ್ಟಿದವನು. ಇಳಿದ ಮೇಲೂ ಕೈ ಬಿಡಲು ಮರೆತು, ಆಡಿನ ಒಡತಿಯ ಕೈಯಲ್ಲಿ ಬೈಸಿಕೊಂಡೆ.

ಆದರೆ ಆ ಹೊಸ್ತಿಲು ಮುಟ್ಟಿದ ಮೇಲೆ ಎಲ್ಲ ಮರೆತುಹೋಗುತ್ತಿತ್ತು. ಅಕ್ಕ ವಾರದ ಹಿಂದೆಯೇ ಚೀಲ ತುಂಬಿ ಬಾಗಿಲ ಹಿಂದೆ ಇಟ್ಟಿರುತ್ತಿದ್ದಳು. ಬೋಟಿನ ಸದ್ದು ಕೇಳಿಯೇ ತಲೆ ಬಾಚಿಕೊಂಡಿರುತ್ತಿದ್ದಳು. ಆದರೂ ನನ್ನನ್ನು ಕಂಡಕೂಡಲೇ, "ಅಯ್ಯ, ತಮ್ಮ! ಇದೇನು ಇತ್ಲಾಗ?" ಎಂದು ಕಣ್ಣರಳಿಸುವಳು. ನಾನು ಒಳಗೆ ಕಾಲಿಡದೆ, ನೀರು ಸಹ ಮುಟ್ಟದೆ, ಹೊಸ್ತಿಲಲ್ಲೇ ನಿಂತು ಹೇಳಬೇಕು: "ಅವ್ವ ಕರದಾಳ, ನಡಿ." ಅದನ್ನು ಮೆಲ್ಲಗೆ ಹೇಳಿದರೆ ಅಕ್ಕ ಒಪ್ಪುತ್ತಿರಲಿಲ್ಲ. "ಏನಂದಿ? ಕೇಳಿಸಲಿಲ್ಲ" ಎನ್ನುವಳು. ಓಣಿಗೆಲ್ಲ ಕೇಳಬೇಕು, ಇವಳಿಗೆ ಇನ್ನೂ ಕರೆಯುವ ತವರಿದೆ ಎಂದು. ನಾನು ಸಂತೆಯಲ್ಲಿ ಕೂಗುವ ಹಾಗೆ ಕೂಗಿದ ಮೇಲೆ ಅವಳು ಅತ್ತೆಯ ಕಡೆ ತಿರುಗಿ, ಅಷ್ಟೇ ದೊಡ್ಡ ದನಿಯಲ್ಲಿ, "ಅವ್ವ ಕರದಾಳಂತ್ರಿ ಅತ್ತಿ, ಹೋಗಿ ಬರ್ತೇನ್ರಿ" ಎನ್ನುವಳು. ಆಮೇಲೆ ನೀರು, ಬೆಲ್ಲ, ಊಟ. ತಿರುಗಿ ಬರುವಾಗ ಬೋಟಿನಲ್ಲಿ ನನ್ನ ಮೊಣಕೈ ಹಿಡಿದು ಕೂರುವಳು, ನಾನು ಹೆದರುವುದು ಅವಳಿಗೆ ಗೊತ್ತು.

ಅಕ್ಕನಿಗೆ ನೀರಿನ ಹೆದರಿಕೆ ಹೋಗಿ ಯಾವುದೋ ಕಾಲವಾಗಿತ್ತು. ಅದೇ ನಮ್ಮ ಅವ್ವನ ಎದೆಯ ಮುಳ್ಳು.

ಅಪ್ಪನಿಗೆ ಲಕ್ವಾ ಹೊಡೆದ ವರ್ಷವೂ ಹೊಳೆ ತುಂಬಿತ್ತು, ಬೋಟು ನಿಂತಿತ್ತು. ನಾನು ಫೋನಿನಲ್ಲಿ ಸುದ್ದಿ ಮುಟ್ಟಿಸಿದೆ, ಹೊಳೆ ಇಳಿದ ಮೇಲೆ ಬಾ ಎಂದೂ ಹೇಳಿದೆ. ಮರುದಿನ ಮಧ್ಯಾಹ್ನ ಹಾಲಿನ ಗಾಡಿಯಿಂದ ಒಬ್ಬ ಹೆಣ್ಣುಮಗಳು ಇಳಿದಳು. ಸೊಂಟದ ತನಕ ಕೆಸರು, ಹೆಗಲಲ್ಲಿ ಹರಿದ ಕುಪ್ಪಸ. ಅಕ್ಕ! ಬೆಲ್ಲದ ಕಡಾಯಿಯಲ್ಲಿ ಕೂತು ಹೊಳೆ ದಾಟಿ ಬಂದಿದ್ದಳು.

ಕಬ್ಬಿನ ಹಾಲು ಕುದಿಸಿ ಬೆಲ್ಲ ಮಾಡುವ ಕಡಾಯಿ ಅದು, ನಾಲ್ಕು ಜನ ಆರಾಮಾಗಿ ಕೂರುವಷ್ಟು ಅಗಲ. ಗಾಣದ ಹಂಗಾಮು ಮುಗಿದ ಮೇಲೆ ಅದನ್ನು ದಡಕ್ಕೆ ತಂದು ಬೋರಲು ಹಾಕಿಡುತ್ತಾರೆ. ಬೋಟು ಕೆಟ್ಟ ದಿನ ನಿಂತ ನೀರಿನಲ್ಲಿ ಅದನ್ನೇ ದೋಣಿ ಮಾಡಿಕೊಂಡು ಹುಲ್ಲು, ಹಾಲು ಸಾಗಿಸುವುದು ಅವರಿಗೆ ರೂಢಿ. ಆದರೆ ಅದಕ್ಕೆ ಮುಂದೂ ಇಲ್ಲ, ಹಿಂದೂ ಇಲ್ಲ. ಸೆಳವು ಸಿಕ್ಕರೆ ಗಿರಗಿರ ತಿರುಗುತ್ತದೆ, ಒಂದು ಕಡೆ ವಾಲಿದರೆ ಮುಗಿಯಿತು. ಮಹಾಪೂರದಲ್ಲಿ ಅದನ್ನು ನೀರಿಗಿಳಿಸಲು ಅವರ ಊರಿನಲ್ಲೂ ಯಾರೂ ಒಪ್ಪುವುದಿಲ್ಲ. ಅಕ್ಕ ಗಂಡನನ್ನು, ಮೈದುನನನ್ನು ಕಾಡಿ ಬೇಡಿ ಇಳಿಸುವಂತೆ ಮಾಡಿದ್ದಳು. ಎಲ್ಲೋ ಕೆಳಗೆ ಯಾರದೋ ಕಬ್ಬಿನ ಹೊಲಕ್ಕೆ ಹೋಗಿ ತಗುಲಿಕೊಂಡಿದ್ದರು.

ಅವ್ವ ಅವಳ ಕೆನ್ನೆಗೆ ಒಂದು ಬಿಟ್ಟಳು. "ಅಪ್ಪನ್ನ ನೋಡಾಕ ಬಂದು ಮಕ್ಕಳನ್ನ ಪರದೇಶಿ ಮಾಡ್ತಿದ್ದೆಲ್ಲ, ಹುಚ್ಚಮುಂಡೆ!" ಎಂದು ಬೈದು, ಬೈಯುತ್ತಲೇ ತಬ್ಬಿಕೊಂಡು, ಕೈಕಾಲು ತೊಳೆಸಿ ಉಣ್ಣಿಸಿದಳು. ಅಪ್ಪ ಅಕ್ಕನನ್ನು ಗುರುತು ಹಿಡಿದ. ಅವಳ ಬೆರಳು ಹಿಡಿದುಕೊಂಡೇ ಇದ್ದು, ಮಾರನೇ ದಿನ ಹೋದ. ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಕಟ್ಟಪ್ಪಣೆ. ಹೊಳೆ ತುಂಬಿದಾಗ ಅಕ್ಕನಿಗೆ ಯಾವ ಕೆಟ್ಟ ಸುದ್ದಿಯನ್ನೂ ಮುಟ್ಟಿಸಬಾರದು.

ಹೋದ ವರ್ಷ ಶ್ರಾವಣ ಹಿಡಿಯುವ ಹೊತ್ತಿಗೆ ಅವ್ವನೇ ಮಲಗಿದಳು. ಎದೆಯಲ್ಲಿ ನೀರು ತುಂಬಿಕೊಳ್ಳುತ್ತಿತ್ತು, ಕಾಲು ಬಾತಿದ್ದವು. ದವಾಖಾನೆಯಲ್ಲಿ ತೆಗೆದರು, ಮತ್ತೆ ತುಂಬಿತು. ಕೊನೆಗೆ ಡಾಕ್ಟರು ನನ್ನನ್ನು ಹೊರಗೆ ಕರೆದು, "ಮನಿಗೆ ಕರಕೊಂಡ ಹೋಗ್ರಿ. ಯಾರನ್ನರೆ ನೋಡಬೇಕು ಅಂದ್ರ ಕರಸ್ರಿ" ಎಂದರು. ಅವ್ವನಿಗೆ ನಾವು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಮನೆಗೆ ಬಂದು ಮಲಗಿದ ಕೂಡಲೇ ನನ್ನ ಕೈ ಹಿಡಿದಳು.

"ಯಪ್ಪಾ, ಪಂಚಮಿ ಬಂತಲ್ಲ. ಅಕ್ಕನ್ನ ಕರಕೊಂಡ ಬಾ."

"ಹೊಳಿ ತುಂಬೇತಿ ಬೇ. ಬೋಟ ನಿಂತೈತಂತ."

"ಹೌದಲ್ಲ," ಎಂದು ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತು ಬಿಟ್ಟು, "ನನಗ ಹಿಂಗಾಗೇತಿ ಅಂತ ಆಕಿಗೆ ಹೇಳಬ್ಯಾಡ. ಕಡಾಯಿ ತಗೊಂಡು ಬರತಾಳ ಆಕಿ" ಎಂದಳು. ಮತ್ತೆ ಸಂಜೆಗೆ, "ಕರಿಯಾಕ ಹೋಗಲಿಲ್ಲೇನು ನೀ?"

ಕರೆದುಕೊಂಡು ಬಾ, ಆದರೆ ಹೇಳಬೇಡ. ಏನು ಮಾಡಲಿ ನಾನು? ಯಾರನ್ನು ಕೇಳಲಿ? ಮನೆಯಲ್ಲಿ ಕೂತರೆ ಅವ್ವನ ಕಣ್ಣು ಬಾಗಿಲ ಕಡೆ. ಹೆಂಡತಿ, "ಹೋಗಿ ನೋಡಿ ಬರ್ರಿ, ಬೋಟ ಬಿಟ್ಟಿದ್ರೂ ಬಿಟ್ಟಿರಬೇಕು" ಎಂದಳು. ಬಿಟ್ಟಿರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ಬೆಳಿಗ್ಗೆ ಬಬಲೇಶ್ವರದ ಬಸ್ಸು ಹತ್ತಿದೆ. ಅಲ್ಲಿಂದ ಟಂಟಂ ಆಟೋ.

ಹೊಳೆದಂಡೆಗೆ ಬಂದು ಇಳಿದೆ. ಬೋಟು ಹತ್ತುವ ಜಾಗವೇ ಕಾಣುತ್ತಿರಲಿಲ್ಲ, ಜಾಲಿಗಿಡದ ತುದಿಗಳಷ್ಟೇ ನೀರಿನ ಮೇಲೆ. ಕಾಕಾ ಬೋಟನ್ನು ಎತ್ತರಕ್ಕೆ ಎಳೆದು ಬೇವಿನ ಮರಕ್ಕೆ ಸರಪಳಿ ಹಾಕಿ ಕೂತಿದ್ದ. ಕಿತ್ತಳೆ ಬಣ್ಣದ ಜಾಕೀಟು ತೊಟ್ಟ ರಕ್ಷಣಾ ದಳದವರ ರಬ್ಬರ್ ಬೋಟೂ ದಡದಲ್ಲೇ ಇತ್ತು. ಮೊದಲ ದಿನವೇ ಅವರು ಹೋಗಿ ಮಕ್ಕಳನ್ನು, ಮುದುಕರನ್ನು ಈಚೆಗೆ ತಂದಿದ್ದರಂತೆ. ಅಕ್ಕ, ಅವಳ ಗಂಡ ನಮ್ಮ ಮಾವ, ಅಕ್ಕನ ಅತ್ತೆ ಎಮ್ಮೆಗಳನ್ನು ಬಿಟ್ಟು ಬರಲು ಒಪ್ಪಿರಲಿಲ್ಲ. ದಿಬ್ಬ ಎತ್ತರವಿದೆ, ಮನೆಗೆ ನೀರು ಬರುವುದಿಲ್ಲ.

ನಾನು ಕೈ ಮುಗಿದೆ. ತಾಯಿ ಸಾಯಾಕತ್ತಾಳ್ರಿ, ಒಬ್ಬ ಹೆಣ್ಣುಮಗಳು, ಒಂದೇ ಸಲ ಹೋಗಿ ಬರ್ರಿ ಎಂದೆ. ಆ ಹುಡುಗರಲ್ಲಿ ಹಿರಿಯನಾದವನು ಒಳ್ಳೆಯ ಮನುಷ್ಯ. ನನ್ನನ್ನು ಕೂರಿಸಿ ನೀರು ಕೊಟ್ಟ. "ಮ್ಯಾಲಿಂದ ನೀರು ಬಿಟ್ಟಾರ್ರಿ. ಸೆಳವು ಕಮ್ಮಿ ಆಗೂ ಮಟಾ ಯಾವ ಬೋಟೂ ಇಳಿಸಬ್ಯಾಡ್ರಿ ಅಂತ ಆರ್ಡರ್ ಐತ್ರಿ. ನಾನೂ ಅವ್ವನ ಮಗಾನ ಅದೇನ್ರಿ, ಏನ ಮಾಡ್ಲಿ?" ಎಂದ. ಬೈಯಲಿಕ್ಕೂ ಒಬ್ಬ ಸಿಗಲಿಲ್ಲ.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಅಕ್ಕ.

"ತಮ್ಮ, ದಂಡಿಮ್ಯಾಲ ಬಿಳಿ ಟೊಪಿಗಿ ಹಾಕ್ಕೊಂಡು ನಿಂತಾವ ನೀನ ಏನಲೇ?"

ಹಾಳು ಟೊಪ್ಪಿಗೆ, ನಮ್ಮ ಅಂಗಡಿಯದೇ. ಆಚೆ ದಡ ನೋಡಿದೆ. ಗಾಣದ ತಗಡಿನ ಚಪ್ಪರದ ಬಳಿ ಹಸಿರು ಸೀರೆಯೊಂದು ನಿಂತಿತ್ತು. ಮುಖ ಕಾಣುವಷ್ಟು ಹತ್ತಿರವಲ್ಲ.

"ಪಂಚಮಿಗೆ ಕರಿಯಾಕ ಬಂದೆ ಅಕ್ಕ" ಎಂದೆ.

"ಈ ನೀರಾಗ? ನಳದ ನೀರಿಗೆ ಹೆದರಾವ ನೀ, ಇಂಥಾ ಹೊಳಿಗೆ ಬಂದು ನಿಂತೀಯಾ? ಖರೇ ಹೇಳು. ಅವ್ವ ಹೆಂಗದಾಳ?"

"ಆರಾಮ ಅದಾಳ."

"ಮಾತಾಡಸು."

ಹೆಂಡತಿಗೆ ಫೋನು ಹಚ್ಚಿ ಎರಡೂ ಕರೆ ಸೇರಿಸಿದೆ. ಅವಳು ಅವ್ವನ ಕಿವಿಗೆ ಹಿಡಿದಳು. ಅವ್ವ ಎಲ್ಲಿಂದ ಅಷ್ಟು ಕಸುವು ತಂದಳೋ, ಗಟ್ಟಿ ದನಿಯಲ್ಲೇ, "ಎಮ್ಮಿ ಈದೈತೇನ? ಹೊಳಿ ಇಳದ ಮ್ಯಾಲ ಬಾ. ಅವಸರೇನೂ ಇಲ್ಲ" ಎಂದಳು. ಮುಂದೆ ಉಸಿರು ಸಾಲಲಿಲ್ಲವೇನೋ, ಹೆಂಡತಿ ಫೋನು ತೆಗೆದಳು. ನಾನು ಗೆದ್ದೆ ಎಂದುಕೊಂಡೆ.

ಅಕ್ಕ ಫೋನು ಇಡಲಿಲ್ಲ.

"ತಮ್ಮ, ಅವ್ವ ನನಗ ಉಂಡೀಯೇನಬೇ ಅಂತ ಕೇಳಲಿಲ್ಲ."

ಅಕ್ಕನ ಮದುವೆಯಾದಂದಿನಿಂದ ಅವಳೊಡನೆ ಅವ್ವನ ಮೊದಲ ಮಾತು ಅದೇ. ಹಬ್ಬವಿರಲಿ, ಹೆಣ ಬಿದ್ದಿರಲಿ, ಅದನ್ನು ಕೇಳದೆ ಮುಂದಕ್ಕೆ ಹೋದವಳಲ್ಲ.

"ಆಕಿ ಹೇಳಬ್ಯಾಡ ಅಂದಾಳ, ಹೌದಲ್ಲ?" ಎಂದಳು ಅಕ್ಕ. ಫೋನು ಕಿವಿಗಿದ್ದಂತೆಯೇ ಹಸಿರು ಸೀರೆ ಇಳಿಜಾರಿನಲ್ಲಿ ಓಡುವುದು ಕಂಡಿತು. ನೀರಿನಂಚಿನಲ್ಲಿ ಕಡಾಯಿ ಬೋರಲು ಬಿದ್ದಿತ್ತು. ಅದನ್ನು ಒಬ್ಬಳೇ ಎತ್ತಲು ಬರುವುದಿಲ್ಲ. ಹಾರೆ ಹಾಕಿ ಮೀಟುತ್ತಿದ್ದಳು. ಮಾವ ಹಿಂದಿನಿಂದ ಓಡಿ ಬಂದು ತೋಳು ಹಿಡಿದ. ಜಗ್ಗಿ ಬಿಡಿಸಿಕೊಂಡಳು. ಕಡಾಯಿ ಮಗುಚಿ ಅಂಗಾತ ಬಿತ್ತು. ಅದರ ಸದ್ದು ನನಗೆ ಫೋನಿನಲ್ಲಿ ಕೇಳಿಸಿತು.

"ಅಕ್ಕ, ನಿನ್ನ ಕಾಲ ಬೀಳ್ತೇನಿ, ಬ್ಯಾಡ! ಅಪ್ಪನ ಸಲ ಪಾರಾದಿ. ಈ ಸಲದ ನೀರು ನೋಡು!"

"ಅಪ್ಪನ್ನ ನೋಡಿದೆ. ಅವ್ವನ್ನ ನೋಡಬಾರದೇನು ನಾ?"

ಅವಳು ಕಡಾಯಿಯೊಳಗೆ ಕೂತೇ ಬಿಟ್ಟಳು. ಅದು ಅರ್ಧ ನೀರಿನಲ್ಲಿ, ಅರ್ಧ ಕೆಸರಿನಲ್ಲಿತ್ತು. ಮಾವ ಅಂಚು ಹಿಡಿದು ಜಗ್ಗುತ್ತಿದ್ದ. ಅಲ್ಲಿಗೆ ನನ್ನ ಮಾತು ಮುಟ್ಟುತ್ತಿತ್ತು, ಕೈ ಮುಟ್ಟುತ್ತಿರಲಿಲ್ಲ. ಆಗ ಏನು ತಿಳಿಯಿತೋ, ನಾನು ಚಪ್ಪಲಿ ಸಹ ಬಿಚ್ಚದೆ ನೀರಿಗೆ ನಡೆದೆ.

ಮೊಣಕಾಲು ಮುಳುಗಿತು. ತೊಡೆ ಮುಳುಗಿತು. ಕಾಲಡಿಯ ಮಣ್ಣು ಸರಸರ ಜಾರುತ್ತಿತ್ತು. ಹಿಂದಿನಿಂದ ಕಾಕಾ, "ಏ ಹುಚ್ಚಾ! ಏ ಸಾವಕಾರ!" ಎಂದು ಚೀರುತ್ತಿದ್ದ.

"ತಮ್ಮ! ಏನ ಮಾಡಾಕತ್ತೀಲೇ? ಮ್ಯಾಲ ಹತ್ತು!"

"ನೀ ಇಳಿ ಮೊದಲ."

"ನಿನಗ ಈಜ ಬರಾಂಗಿಲ್ಲ! ಹೆಂಡ್ರು ಮಕ್ಕಳಿದ್ದಾವ, ಹತ್ತಲೇ ಮ್ಯಾಲ!"

"ನಿನಗಿಲ್ಲೇನು ಮಕ್ಕಳು? ನೀ ಇಳಿ, ನಾ ಹತ್ತತೇನಿ."

"ನೀ ಹತ್ತು, ಆಮ್ಯಾಲ ಇಳಿತೇನಿ."

"ನೀ ಸುಳ್ಳ ಹೇಳ್ತಿ. ಮೊದಲ ಇಳಿ."

ಸಣ್ಣವರಿದ್ದಾಗ ಜೋಕಾಲಿಯ ಸಲುವಾಗಿ ಹೀಗೇ ಜಗಳಾಡುತ್ತಿದ್ದೆವು, ನೀ ಇಳಿ, ನೀ ಇಳಿ ಎಂದು. ಈಗ ನಡುವೆ ಕೃಷ್ಣೆ. ನನ್ನ ಸೊಂಟಕ್ಕೆ ನೀರು ಬಂದಾಗ ಆಚೆಯಿಂದ ಮಾತು ನಿಂತಿತು. ಅಳುವುದು ಕೇಳಿಸಿತು. ಹಸಿರು ಸೀರೆ ಕಡಾಯಿಯ ಅಂಚು ದಾಟಿ ಕೆಸರಿಗೆ ಇಳಿಯಿತು. ಕಿತ್ತಳೆ ಜಾಕೀಟಿನ ಹುಡುಗರು ನನ್ನ ಅಂಗಿಯ ಕಾಲರು ಹಿಡಿದು ಹೊರಗೆ ಎಳೆದು ಹಾಕಿದರು. ನಾನು ಬಿದ್ದಲ್ಲೇ ಬಿದ್ದುಕೊಂಡು ಆಚೆ ನೋಡಿದೆ. ಅಕ್ಕ ಕಡಾಯಿಗೆ ಬೆನ್ನು ಹಚ್ಚಿ ಕೂತಿದ್ದಳು. ನಾನು ಬಸ್ಸಿಗೆ ಹೊರಡುವ ತನಕವೂ ಹಾಗೇ ಕೂತಿದ್ದಳು.

ಮನೆಗೆ ಬಂದಾಗ ಅವ್ವ ಎಚ್ಚರದಲ್ಲಿದ್ದಳು. ನನ್ನ ಹಿಂದೆ ಯಾರಾದರೂ ಬರುತ್ತಾರೇನೋ ಎಂದು ಬಾಗಿಲು ನೋಡಿದಳು.

"ಹೊಳಿ ಬಾಳ ತುಂಬೇತಿ ಬೇ. ಬರಾಕ ಆಗಲಿಲ್ಲ."

"ಛಲೋ ಆತು" ಎಂದಳು. ಎರಡು ಸಲ ಅಂದಳು. ಆಮೇಲೆ ಗೋಡೆಯ ಕಡೆ ಮುಖ ಮಾಡಿದಳು. ಮಾರನೇ ಬೆಳಿಗ್ಗೆ ನನ್ನ ಹೆಂಡತಿಯನ್ನು ಕರೆದು, "ಆಕಿ ಕೌದಿ ತಗದು ಬಿಸಲಿಗೆ ಹಾಕವಾ, ಮುಗ್ಗಲ ಹಿಡದಿರತೈತಿ" ಎಂದಳು. ಹೆಂಡತಿ, ಅಕ್ಕ ಬಂದಾಗ ಹೊದೆಯುವ ಕೌದಿಯನ್ನು ಅಂಗಳದ ಹಗ್ಗಕ್ಕೆ ಹಾಕಿದಳು. ಅದು ಒಣಗುವುದರೊಳಗೆ ಅವ್ವ ಹೋದಳು.

ನಾನೇ ಫೋನು ಮಾಡಿದೆ. ಅಕ್ಕ ಚೀರಲಿಲ್ಲ, ಬೈಯಲಿಲ್ಲ. "ಏನರೆ ಉಂಡಿದ್ದಳೇನು?" ಎಂದು ಕೇಳಿದಳು. ಎರಡು ಚಮಚ ಗಂಜಿ ಕುಡಿದಿದ್ದಳು ಎಂದೆ. ಹ್ಞೂಂ ಎಂದು ಇಟ್ಟುಬಿಟ್ಟಳು. ಮಣ್ಣಿಗೆ ಹೋಗುವಾಗ ನನ್ನ ಮಗ ಅವಳಿಗೆ ಫೋನಿನಲ್ಲಿ ತೋರಿಸಿದನಂತೆ. ನೋಡಿದಳೋ ಇಲ್ಲವೋ, ನಾನು ಕೇಳಿಲ್ಲ. ಅವಳನ್ನು ತಡೆದದ್ದು ಸರಿಯೋ ತಪ್ಪೋ, ಅದನ್ನೂ ಯಾರನ್ನೂ ಕೇಳಿಲ್ಲ. ಅಪ್ಪನ ಸಲ ಕಡಾಯಿ ದಡ ಮುಟ್ಟಿತ್ತಲ್ಲ ಎಂದು ಒಮ್ಮೊಮ್ಮೆ ಅನ್ನಿಸಿ ಅಂಗಡಿಯಲ್ಲಿ ಕೂತಲ್ಲೇ ಬೆವರುತ್ತೇನೆ.

ಹೊಳೆ ಇಳಿಯಿತು. ಬೋಟು ಬಿಟ್ಟರು. ಆ ವರ್ಷ ನಮಗೆ ಹಬ್ಬವಿರಲಿಲ್ಲ, ಅವ್ವನ ದಿವಸದ ಕಾರ್ಯಕ್ಕೆ ಅಕ್ಕನನ್ನು ಕರೆತರಬೇಕಿತ್ತು. ಕಾಕಾ ನನ್ನನ್ನು ಕಂಡು, ನಡುವೆ ಕೂರು ಎಂದು ಕೈ ಸನ್ನೆ ಮಾಡಿದ ಅಷ್ಟೇ. ಕಡಾಯಿಯನ್ನು ಮತ್ತೆ ಬೋರಲು ಹಾಕಿದ್ದರು.

ಅಕ್ಕ ಬಾಗಿಲೊಳಗೆ ನಿಂತಿದ್ದಳು. ತಲೆ ಬಾಚಿಕೊಂಡಿದ್ದಳು, ಕೈಯಲ್ಲಿ ಚೀಲವಿತ್ತು. ಓಣಿಯ ಹೆಂಗಸರು ತಂತಮ್ಮ ಕಟ್ಟೆಗಳ ಮೇಲೆ ಬಂದು ನಿಂತರು. ನಾನು ಹೊಸ್ತಿಲ ಹೊರಗೆ ನಿಂತೆ. ಬಾಯಿ ತೆರೆದೆ. ಪ್ರತಿ ವರ್ಷ ಕೂಗಿ ಹೇಳಿದ ಮಾತು ಬಿಟ್ಟು ನನಗೆ ಬೇರೆ ಮಾತು ಗೊತ್ತೇ ಇರಲಿಲ್ಲ.

ಅಕ್ಕ ಕಾದಳು. ನನ್ನ ಮುಖ ನೋಡಿದಳು. "ಹೇಳು ತಮ್ಮ" ಎಂದಳು ಮೆಲ್ಲಗೆ. "ನೀ ಹೇಳದ ಹೆಂಗ ಬರಲಿ?"

ನನಗೆ ಆಗಲಿಲ್ಲ. ನಿಂತಲ್ಲೇ ಅತ್ತುಬಿಟ್ಟೆ.

ಆಗ ಅವಳು ಸೆರಗು ತಲೆಯ ಮೇಲೆ ಎಳೆದುಕೊಂಡು, ಅತ್ತೆಯ ಕಡೆ ತಿರುಗಿ, ಓಣಿಗೆಲ್ಲ ಕೇಳುವ ಹಾಗೆ ಹೇಳಿದಳು:

"ಅವ್ವ ಕರದಾಳಂತ್ರಿ ಅತ್ತಿ, ಹೋಗಿ ಬರ್ತೇನ್ರಿ."